ನೋಡುವ ವಿಡಿಯೊಗೆ, ಓದುವ ಬರಹಕ್ಕೆ ನ್ಯಾಯವಾದ ಹಣ ಕೊಡುವ ಬಗೆ

ಅಡಿಕೆಯ ಎಲೆಚುಕ್ಕಿ ರೋಗಕ್ಕೆ ಏನು ಸಿಂಪಡಿಸಬೇಕೆಂದು ತೋಟದಲ್ಲಿ ನಿಂತೇ ತೋರಿಸುವ ವಿಡಿಯೊ, ಬಜೆಟ್ ಮಂಡನೆಯಾದ ಸಂಜೆಯೇ ಅದನ್ನು ಬಿಡಿಸಿ ಹೇಳುವ ಪಾಡ್‌ಕಾಸ್ಟ್, ವಾರಕ್ಕೊಮ್ಮೆ ಬರುವ ವ್ಯಂಗ್ಯಚಿತ್ರ, ಇವೆಲ್ಲ ಮೊಬೈಲಿಗೆ ಬಿಟ್ಟಿಯಾಗಿ ಬರುತ್ತವೆ. ಜಾಹೀರಾತಿನಿಂದ ಅವರಿಗೆ ಹೇಗೂ ಹಣ ಸಿಗುತ್ತದೆ ಎಂದು ನಾವು ಸುಮ್ಮನಿದ್ದುಬಿಡುತ್ತೇವೆ. ಆದರೆ ಯೂಟ್ಯೂಬ್‌ನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ ಚಾನೆಲ್‌ಗೆ ಕನಿಷ್ಠ 1,000 ಚಂದಾದಾರರಿರಬೇಕು. ಅದರ ಜೊತೆಗೆ ಹಿಂದಿನ 12 ತಿಂಗಳಲ್ಲಿ ಜನ 4,000 ಗಂಟೆ ವಿಡಿಯೊ ನೋಡಿರಬೇಕು, ಇಲ್ಲವೇ 90 ದಿನಗಳಲ್ಲಿ ಶಾರ್ಟ್ಸ್‌ಗೆ, ಅಂದರೆ ಚಿಕ್ಕ ವಿಡಿಯೊಗಳಿಗೆ, ಒಂದು ಕೋಟಿ ವೀಕ್ಷಣೆ ಬಂದಿರಬೇಕು. ಅಷ್ಟರವರೆಗೆ ಆ ವಿಡಿಯೊಗಳ ಮೇಲೆ ಜಾಹೀರಾತು ಓಡಿದರೂ ಅದರ ಹಣ ಮಾಡಿದವರಿಗೆ ಬರುವುದಿಲ್ಲ. ಆದ್ದರಿಂದ ನಿಮಗೆ ಉಪಯೋಗವಾದ ಸಣ್ಣ ಚಾನೆಲ್‌ಗೆ ಹಣ ಕೊಡಬೇಕೆಂದಿದ್ದರೆ, ನೀವು ಕೊಟ್ಟ ರೂಪಾಯಿ ಯಾವ ದಾರಿಯಲ್ಲಿ ಹೋಗಿ ಎಷ್ಟಾಗಿ ತಲುಪುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ.

ಪಾಲು ಸಿಗತೊಡಗಿದ ಮೇಲೂ ದೀರ್ಘ ವಿಡಿಯೊಗಳ ಜಾಹೀರಾತು ಆದಾಯದಲ್ಲಿ ಶೇ 55ರಷ್ಟು ಮಾತ್ರ ಚಾನೆಲ್‌ಗೆ ಸೇರುತ್ತದೆ. ತಿಂಗಳ ಶುಲ್ಕದ ಸದಸ್ಯತ್ವ, ನೇರಪ್ರಸಾರದ ನಡುವೆ ಹಣ ಕೊಟ್ಟು ಸಂದೇಶ ಹಾಕುವ ಸೂಪರ್ ಚಾಟ್, ವಿಡಿಯೊ ಮೆಚ್ಚಿ ಹಣ ಕೊಡುವ ಸೂಪರ್ ಥ್ಯಾಂಕ್ಸ್‌ಗಳಲ್ಲಿ ತೆರಿಗೆ ಕಳೆದು ಉಳಿದುದರ ಶೇ 70 ಸಿಗುತ್ತದೆ. ಇದೇ ಹಣವನ್ನು ಐಫೋನ್‌ನ ಆ್ಯಪ್ ಒಳಗಿನಿಂದ ಕೊಟ್ಟರೆ ಆ್ಯಪಲ್‌ನ ಶುಲ್ಕ ಮೊದಲೇ ಕಡಿತವಾಗುತ್ತದೆ. ಹಾಗಾಗಿ ಐಫೋನ್ ಬಳಸುವವರು ಬ್ರೌಸರ್ ತೆರೆದು ಅಲ್ಲಿಂದ ಸದಸ್ಯರಾಗುವುದು ಒಳ್ಳೆಯದು. ಜಾಹೀರಾತು ತಡೆಯುವ ತಂತ್ರಾಂಶ ಹಾಕಿಕೊಂಡು ನೋಡಿದರೆ ಆ ವೀಕ್ಷಣೆಯಿಂದ ಜಾಹೀರಾತಿನ ಪಾಲು ಹುಟ್ಟುವುದೇ ಇಲ್ಲ. ಜಾಹೀರಾತು ಬೇಡವೆನ್ನುವವರು ಹಣ ಕೊಟ್ಟು ಜಾಹೀರಾತಿಲ್ಲದೆ ನೋಡುವ ಯೂಟ್ಯೂಬ್ ಪ್ರೀಮಿಯಂ ತೆಗೆದುಕೊಂಡರೆ, ಯಾವ ಚಾನೆಲ್ ಅನ್ನು ಎಷ್ಟು ಹೊತ್ತು ನೋಡಿದಿರೋ ಅದಕ್ಕೆ ತಕ್ಕಂತೆ ನಿಮ್ಮ ಹಣದ ಒಂದು ಭಾಗ ಅವರಿಗೆ ಹೋಗುತ್ತದೆ.

ಇವೆಲ್ಲಕ್ಕಿಂತ ನೇರವಾದ ದಾರಿ ಯುಪಿಐ. ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ಕಳಿಸಿದ 100 ರೂಪಾಯಿ 100 ರೂಪಾಯಿಯಾಗಿಯೇ ತಲುಪುತ್ತದೆ. ಇಲ್ಲಿ ಒಂದು ಎಚ್ಚರ ಬೇಕು. ಜನಪ್ರಿಯ ವಿಡಿಯೊವನ್ನು ಕದ್ದು ತಮ್ಮ ಪುಟದಲ್ಲಿ ಹಾಕಿ, ಕೆಳಗೆ ತಮ್ಮದೇ ಕ್ಯೂಆರ್ ಕೋಡ್ ಅಂಟಿಸುವವರಿದ್ದಾರೆ. ಆದ್ದರಿಂದ ಕೋಡ್ ಅನ್ನು ಮೂಲ ಚಾನೆಲ್‌ನ ವಿವರಣೆಯಿಂದಲೇ ತೆಗೆದುಕೊಂಡು, ಪಿನ್ ಒತ್ತುವ ಮುನ್ನ ಪರದೆಯಲ್ಲಿ ಕಾಣುವ ಹೆಸರನ್ನು ಓದಿ ನೋಡಿ. ವರ್ಷಕ್ಕೊಮ್ಮೆ ಉತ್ಸಾಹದಿಂದ ಕಳಿಸುವ ಸಾವಿರ ರೂಪಾಯಿಗಿಂತ ತಿಂಗಳು ತಿಂಗಳು ಬರುವ ನೂರು ರೂಪಾಯಿ ಅವರಿಗೆ ಹೆಚ್ಚು ಆಸರೆಯಾಗುತ್ತದೆ, ಏಕೆಂದರೆ ಸಂಕಲನ ಮಾಡುವ ಹುಡುಗನಿಗೆ ಸಂಬಳ ಕೊಡಬಹುದೇ ಎಂದು ಲೆಕ್ಕ ಹಾಕಲು ನಿಶ್ಚಿತ ಮೊತ್ತವೇ ಬೇಕು. ಕಾರ್ಡಿನಿಂದ ತಾನಾಗಿ ಕಡಿತವಾಗುವಂತೆ ಮಾಡಿಕೊಳ್ಳಲು ಹಿಂಜರಿಯುವವರು ರಿಸರ್ವ್ ಬ್ಯಾಂಕಿನ ನಿಯಮವನ್ನು ಗಮನಿಸಬಹುದು: ಕಡಿತಕ್ಕೆ 24 ಗಂಟೆ ಮೊದಲು ನಿಮಗೆ ಸೂಚನೆ ಬರಲೇಬೇಕು, ಬೇಡವೆನಿಸಿದಾಗ ಅನುಮತಿಯನ್ನು ಹಿಂದೆಗೆದುಕೊಳ್ಳಲೂಬಹುದು.

ಹಣ ಕೊಡಲು ಆಗದವರೂ ಒಂದು ಕೆಲಸ ಮಾಡಬಹುದು. ವಿಡಿಯೊವನ್ನು ಇಳಿಸಿಕೊಂಡು ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ಬದಲು ಅದರ ಕೊಂಡಿಯನ್ನು ಕಳಿಸಿ. ಚಿತ್ರಕಾರರ ಸಹಿಯನ್ನು ಕತ್ತರಿಸಿ ಸ್ಟೇಟಸ್‌ಗೆ ಹಾಕಿಕೊಳ್ಳುವುದಂತೂ ಕಳ್ಳತನವೇ.

ಸಂಘ-ಸಂಸ್ಥೆಯವರು ಕೆಲಸ ಮಾಡಿಸಿಕೊಳ್ಳುವಾಗ ಇನ್ನಷ್ಟು ಜವಾಬ್ದಾರಿ ಬೇಕು. ‘ನಿಮಗೂ ಪ್ರಚಾರ ಸಿಗುತ್ತದೆ’ ಎಂಬ ಮಾತನ್ನು ಸಂಭಾವನೆಯ ಜಾಗದಲ್ಲಿ ಎಂದೂ ಇಡಬೇಡಿ. ಮೊದಲ ಸಂದೇಶವೇ ಹೀಗಿರಲಿ: ‘ನಿಮ್ಮ ಎರಡು ವ್ಯಂಗ್ಯಚಿತ್ರಗಳನ್ನು ನಮ್ಮ ರಾಜ್ಯೋತ್ಸವ ಸಂಚಿಕೆಯಲ್ಲಿ ಒಂದು ಸಲ ಅಚ್ಚು ಹಾಕಲು ಮತ್ತು ಒಂದು ವರ್ಷ ನಮ್ಮ ಜಾಲತಾಣದಲ್ಲಿ ಇಡಲು ಬಯಸುತ್ತೇವೆ. ಚಿತ್ರವೊಂದಕ್ಕೆ 3,000 ರೂಪಾಯಿ, ಚಿತ್ರ ತಲುಪಿದ 15 ದಿನಗಳೊಳಗೆ ಪಾವತಿ. ಒಂದು ಸಲಕ್ಕಿಂತ ಹೆಚ್ಚು ತಿದ್ದುಪಡಿ ಕೇಳಿದರೆ ಅದಕ್ಕೆ ಪ್ರತ್ಯೇಕ ಶುಲ್ಕ.’ ಮೊತ್ತವನ್ನು ನಿಮ್ಮ ಶಕ್ತಿಗೆ ತಕ್ಕಂತೆ ಬದಲಿಸಿಕೊಳ್ಳಿ, ಆದರೆ ಅವಧಿ ಮತ್ತು ಬಳಕೆಯ ಮಿತಿಯನ್ನು ಬಿಡಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಅದರಲ್ಲಿ ಅವಧಿಯನ್ನು ಹೇಳದಿದ್ದರೆ ಐದು ವರ್ಷವೆಂದೂ ಪ್ರದೇಶವನ್ನು ಹೇಳದಿದ್ದರೆ ಭಾರತವೆಂದೂ ಕಾನೂನು ಎಣಿಸುತ್ತದೆ. ಮೂಲದಲ್ಲೇ ತೆರಿಗೆ ಹಿಡಿಯುವುದಿದ್ದರೆ ಅದನ್ನು ದರ ಮಾತನಾಡುವಾಗಲೇ ತಿಳಿಸಿ.

ರಾಜಕೀಯ ಮಾತನಾಡುವವರಿಗೆ ಹಣ ಕೊಡುವುದು ಹೆಚ್ಚು ಸೂಕ್ಷ್ಮವಾದ ವಿಷಯ. ಗಲಭೆ, ಯುದ್ಧದಂತಹ ಘಟನೆಗಳ ಕುರಿತ ವಿಡಿಯೊಗೆ ಯೂಟ್ಯೂಬ್ ಹಳದಿ ಗುರುತು ಹಾಕಿ ಜಾಹೀರಾತನ್ನು ಕಡಿಮೆ ಮಾಡಬಹುದು, ಪೂರ್ತಿ ನಿಲ್ಲಿಸಲೂಬಹುದು. ಅಂಥ ತಿಂಗಳಲ್ಲಿ ಅವರನ್ನು ಉಳಿಸುವುದು ನೋಡುಗರ ಚಂದಾ. ಆದರೆ ಆ ಚಂದಾದಿಂದ ಅವರ ಅಭಿಪ್ರಾಯವನ್ನು ನಾವು ಕೊಂಡುಕೊಂಡಂತೆ ಆಗಬಾರದು. ನಾವು ಮತ ಹಾಕಿದ ಪಕ್ಷವನ್ನು ಟೀಕಿಸಿದ ದಿನವೇ ಸದಸ್ಯತ್ವ ರದ್ದು ಮಾಡಿದರೆ, ಮುಂದಿನ ಸಲ ಅವರು ನಮ್ಮ ಮುಖ ನೋಡಿಕೊಂಡು ಮಾತನಾಡುತ್ತಾರೆ. ರದ್ದು ಮಾಡುವ ಮುನ್ನ ಅವರು ಹೇಳಿದ ಸಂಗತಿ ತಪ್ಪೋ, ನನಗೆ ಹಿಡಿಸದ ನಿಲುವೋ ಎಂದು ಕೇಳಿಕೊಳ್ಳಿ. ಸಂಗತಿಯೇ ತಪ್ಪಿದ್ದು, ತೋರಿಸಿಕೊಟ್ಟರೂ ತಿದ್ದದಿದ್ದರೆ ಹಣ ನಿಲ್ಲಿಸುವುದು ಸರಿ. ನಿಲುವು ಹಿಡಿಸದಿದ್ದರೆ ಒಂದು ಸಭ್ಯ ಪ್ರತಿಕ್ರಿಯೆ ಬರೆದು ಮುಂದುವರಿಯುವುದೇ ಲೇಸೆಂದು ನನ್ನ ಅಭಿಪ್ರಾಯ. ಮೀಮ್ ಪುಟ ನಡೆಸುವವರಿಂದ ಅಭ್ಯರ್ಥಿಯ ಪ್ರಚಾರ ಮಾಡಿಸುವವರಾದರೆ ಲಿಖಿತ ಬಿಲ್ ಪಡೆದೇ ಹಣ ಕೊಡಿ, ಏಕೆಂದರೆ 2013ರ ಚುನಾವಣಾ ಆಯೋಗದ ಸೂಚನೆಯಂತೆ ಸಾಮಾಜಿಕ ಜಾಲತಾಣಗಳ ಪ್ರಚಾರದ ಖರ್ಚೂ ಅಭ್ಯರ್ಥಿಯ ವೆಚ್ಚದ ಲೆಕ್ಕಕ್ಕೆ ಸೇರುತ್ತದೆ.

ಹೊರದೇಶದಲ್ಲಿರುವ ಕನ್ನಡಿಗರು ಸುದ್ದಿ ಚಾನೆಲ್‌ಗೆ ದೇಣಿಗೆ ಕಳಿಸುವ ಮುನ್ನ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯನ್ನು ನೆನಪಿಡಬೇಕು. ಸುದ್ದಿ ಮತ್ತು ಪ್ರಚಲಿತ ವಿದ್ಯಮಾನಗಳ ಕಾರ್ಯಕ್ರಮ ತಯಾರಿಸುವ ಸಂಸ್ಥೆಗಳು ವಿದೇಶಿ ದೇಣಿಗೆ ಪಡೆಯುವುದನ್ನು ಆ ಕಾಯ್ದೆ ನಿಷೇಧಿಸುತ್ತದೆ. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಗಳು ತಮ್ಮ ಸ್ವಂತ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದನ್ನು ವಿದೇಶಿ ದೇಣಿಗೆಯೆಂದು ಎಣಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕಳಿಸಿದ್ದು, ಅವರ ಬಳಿ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ ಆಗುತ್ತದೆ ಮತ್ತು ಅದರ ತೊಂದರೆಯನ್ನು ಪಡೆದವರು ಅನುಭವಿಸಬೇಕಾಗುತ್ತದೆ. ಅಂಥವರು ಚಾನೆಲ್‌ಗೆ ಮೊದಲೇ ಇಮೇಲ್ ಬರೆದು ತಮ್ಮ ಪೌರತ್ವವನ್ನು ತಿಳಿಸಿ, ತಮ್ಮ ಹಣವನ್ನು ಅವರು ಪಡೆಯಬಹುದೇ ಎಂದು ವಿಚಾರಿಸಿಕೊಂಡು ಆಮೇಲೆ ಕಳಿಸಬೇಕು.