ತೆಂಗಿನ ಬುಡದಲ್ಲಿ ಅಣಬೆ ಎದ್ದಿದೆಯೇ? ಬೇರಿಗೆ ಔಷಧಿ ಕುಡಿಸುವುದು ಹೀಗೆ

2023ರಲ್ಲಿ ಮಳೆ ಕೈಕೊಟ್ಟಿತು, ಕೆಆರ್‌ಎಸ್ ತುಂಬಲಿಲ್ಲ. ಮದ್ದೂರು ಕಡೆಯ ನಮ್ಮ ತೋಟದ ಮರಗಳು ಆ ಬೇಸಿಗೆಯನ್ನು ಹೇಗೋ ದಾಟಿದವು. ಗೆದ್ದೆವು ಅಂದುಕೊಂಡಿದ್ದೆವು. ಮಾರನೇ ವರ್ಷ ಮಳೆ ಬಂದ ಮೇಲೆ ಎರಡು ಮರದ ಬುಡದಲ್ಲಿ ಕೆಂಪು ಕಂದು ಬಣ್ಣದ, ಮೆರುಗೆಣ್ಣೆ ಬಳಿದಂಥ ಅಣಬೆ ಎದ್ದಿತು. ಎರಡೂ ಉಳಿಯಲಿಲ್ಲ.

ಇದು ಗ್ಯಾನೋಡರ್ಮಾ ಎಂಬ ಶಿಲೀಂಧ್ರದ ಕೆಲಸ. ಮಣ್ಣಿನಲ್ಲೇ ಇರುತ್ತದೆ. ನೀರಿಲ್ಲದೆ ಬೇರು ಸೊರಗಿದಾಗ ಒಳಗೆ ಹೊಕ್ಕು ಕೊಳೆಸುತ್ತದೆ. ಅಣಬೆ ಕಾಣುವ ಹೊತ್ತಿಗೆ ರೋಗ ಹಳೆಯದಾಗಿರುತ್ತದೆ. ಅಣಬೆಯನ್ನು ಕಾಲಲ್ಲಿ ಒದ್ದು ಬೀಳಿಸಿ ಸುಮ್ನಾದರೆ ಏನೂ ಆಗುವುದಿಲ್ಲ. ಕಿತ್ತು ಸುಡಿ, ಆದರೆ ಅದೇ ಚಿಕಿತ್ಸೆ ಅಂದುಕೊಳ್ಳಬೇಡಿ.

ಮೊದಲು ರೋಗ ಗುರುತಿಸಿ

ಕೆಳಗಿನ ಗರಿಗಳು ಹಳದಿಯಾಗಿ, ಮಡಿಚಿದ ಕೊಡೆಯ ಹಾಗೆ ಕಾಂಡಕ್ಕೆ ಜೋತು ಬೀಳುತ್ತವೆ. ಹರಳು, ಅಂದರೆ ಎಳೆ ಕಾಯಿಗಳು ಉದುರುತ್ತವೆ. ಬುಡದ ಹತ್ತಿರ ಕಂದು ರಸ ಸೋರುತ್ತದೆ. ರಸ ಕಂಡ ಕೂಡಲೇ ಅಣಬೆ ರೋಗ ಎಂದು ತೀರ್ಮಾನಿಸಬೇಡಿ, ಕಾಂಡ ಸೋರುವ ರೋಗ ಬೇರೆಯೇ ಇದೆ. ಬುಡ ಅಗೆದು ಬೇರು ನೋಡಿ. ಕೊಳೆತಿದ್ದರೆ ಇದೇ. ಸುಳಿಯ ಗರಿಯೂ ಬಾಡಿ, ತಲೆ ಸಣ್ಣಗಾಗಿದ್ದರೆ ಆ ಮರದ ಆಸೆ ಬಿಡಿ. ಕಡಿದು, ಬೊಡ್ಡೆ ಮತ್ತು ಬೇರು ಸಮೇತ ಕಿತ್ತು ಸುಡಬೇಕು. ಬೊಡ್ಡೆಯನ್ನು ಹಾಗೇ ಬಿಟ್ಟರೆ ಪಕ್ಕದ ಮರಕ್ಕೂ ಹಬ್ಬುತ್ತದೆ.

ಬೇರು ಆರಿಸುವುದು

ಒಂದು ಬೇರು ಕತ್ತರಿಸಿ, ಅದರ ತುದಿಯನ್ನು ಔಷಧಿ ಇರುವ ಚೀಲಕ್ಕೆ ಇಳಿಸಿ ಕಟ್ಟಿದರೆ ಮರ ಔಷಧಿಯನ್ನು ಹೀರಿಕೊಳ್ಳುತ್ತದೆ. ಎಲ್ಲರೂ ಎಡವುವುದು ಬೇರು ಆರಿಸುವಾಗಲೇ. ಔಷಧಿ ಸರಿಯಾಗಿರುತ್ತದೆ, ಬೇರು ತಪ್ಪಾಗಿರುತ್ತದೆ.

ಶುರು ಮಾಡುವ ಮೊದಲೇ ಬಲಿತ ಕಾಯಿ, ಎಳನೀರು ಎಲ್ಲ ಇಳಿಸಿಬಿಡಿ. ಔಷಧಿ ಕೊಟ್ಟ ಮೇಲೆ 45 ದಿನ ಆ ಮರದ ಕಾಯಿ, ಎಳನೀರಿಗೆ ಕೈ ಹಚ್ಚಬಾರದು.

ಬುಡದಿಂದ ಎರಡು ಮೂರು ಅಡಿ ದೂರದಲ್ಲಿ ಮೆಲ್ಲಗೆ ಮಣ್ಣು ಬಿಡಿಸಿ. ಗುದ್ದಲಿ ಬೀಸಿದರೆ ಬೇಕಾದ ಬೇರೇ ಮೊದಲು ತುಂಡಾಗುತ್ತದೆ. ನಾನು ಕೊನೆಯ ಅರ್ಧ ಅಡಿಯನ್ನು ಕೈಯಲ್ಲೇ ಕೆದಕುತ್ತೇನೆ. ಪೆನ್ಸಿಲ್ ದಪ್ಪದ, ತಿಳಿ ಕಂದು ಬಣ್ಣದ ಬೇರು ಹುಡುಕಿ. ಬೆಳ್ಳಗಿರುವುದು ತೀರಾ ಎಳೆಯದು. ಕಪ್ಪಗಾಗಿ, ಹಿಚುಕಿದರೆ ಸಿಪ್ಪೆ ಜಾರುವುದು ಸತ್ತ ಬೇರು. ಸತ್ತ ಬೇರಿಗೆ ಚೀಲ ಕಟ್ಟಿ ವಾರಗಟ್ಟಲೆ ಕಾದವರನ್ನು ನೋಡಿದ್ದೇನೆ. ಔಷಧಿ ಒಂದು ಹನಿಯೂ ಇಳಿದಿರಲಿಲ್ಲ.

ಬೇರನ್ನು ಓರೆಯಾಗಿ, ಒಂದೇ ಏಟಿಗೆ ಕತ್ತರಿಸಿ. ಮೊಂಡು ಮಚ್ಚು ಬೇಡವೇ ಬೇಡ, ಅದು ಬೇರನ್ನು ಜಜ್ಜುತ್ತದೆ, ಜಜ್ಜಿದ ಬೇರು ಹೀರುವುದಿಲ್ಲ. ಹೊಸ ಬ್ಲೇಡು ಸಾಕು. ಮರಕ್ಕೆ ಅಂಟಿಕೊಂಡಿರುವ ಬೇರಿನ ತುದಿಯನ್ನೇ ಚೀಲಕ್ಕೆ ಇಳಿಸಬೇಕು. ಕತ್ತರಿಸಿ ಬಿದ್ದ ಆಚೆ ತುಂಡಿಗೆ ಚೀಲ ಕಟ್ಟಿದ ಪುಣ್ಯಾತ್ಮರೂ ಇದ್ದಾರೆ!

100 ಮಿ.ಲೀ. ನೀರಿಗೆ 2 ಮಿ.ಲೀ. ಹೆಕ್ಸಕೊನಜೋಲ್ ಎಂಬ ಶಿಲೀಂಧ್ರನಾಶಕ ಬೆರೆಸಿ. ಕೈಗೆ ಗ್ಲೌಸ್ ಇರಲಿ. ಸಣ್ಣ ಪಾಲಿಥಿನ್ ಚೀಲಕ್ಕೆ ಸುರಿದು, ಕತ್ತರಿಸಿದ ತುದಿ ಚೀಲದ ತಳ ಮುಟ್ಟುವಂತೆ ಇಳಿಸಿ, ಬಾಯಿಯನ್ನು ದಾರದಿಂದ ಬಿಗಿಯಿರಿ. ಮಣ್ಣು ಮೆಲ್ಲಗೆ ಮುಚ್ಚಿ. ಮಾರನೇ ದಿನ ತೆಗೆದು ನೋಡಿ. ಚೀಲ ಖಾಲಿಯಾಗಿದ್ದರೆ ಸರಿ. ಹಾಗೇ ಇದ್ದರೆ ಬೇಜಾರು ಮಾಡಿಕೊಳ್ಳದೆ ಬೇರೆ ಬೇರು ಹುಡುಕಿ.

ಕಾಂಡಕ್ಕೆ ಡ್ರಿಲ್ ಹಾಕಿ ಔಷಧಿ ಸುರಿಯುವವರು ಊರೂರಿಗೆ ಬರುತ್ತಾರೆ. ಅವರನ್ನು ತೋಟಕ್ಕೆ ಸೇರಿಸಬೇಡಿ. ತೆಂಗು ಮಾವು, ಬೇವಿನ ಹಾಗಲ್ಲ, ಅದರ ಗಾಯ ಮುಚ್ಚಿಕೊಳ್ಳುವುದಿಲ್ಲ. ತೂತು ಕೊನೆವರೆಗೂ ತೂತೇ. ಬಣ್ಣದ ಬಾಟಲಿಯ "ಟಾನಿಕ್" ಕೂಡ ಈ ರೋಗಕ್ಕೆ ಮದ್ದಲ್ಲ.

ಬುಡಕ್ಕೆ ಬೋರ್ಡೋ

ಬೋರ್ಡೋ ಅಂದರೆ ಶಿಲೀಂಧ್ರ ಕೊಲ್ಲುವ ದ್ರಾವಣ. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಿ. ಉಲ್ಟಾ ಮಾಡಬೇಡಿ. ಕಬ್ಬಿಣದ ಚಾಕು ಅದ್ದಿ ನೋಡಿ, ಕೆಂಪಗೆ ತಾಮ್ರ ಅಂಟಿದರೆ ಸುಣ್ಣ ಇನ್ನೂ ಬೇಕು. ಮರಕ್ಕೆ 40 ಲೀಟರ್.

ಬೇವಿನ ಹಿಂಡಿ ಮರಕ್ಕೆ 5 ಕೆ.ಜಿ., ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಟ್ರೈಕೋಡರ್ಮಾ ಬೆರೆಸಿ ಹಾಕುವುದು ಒಳ್ಳೆಯದು. ಆದರೆ ಬೋರ್ಡೋ ಸುರಿದ ದಿನವೇ ಬೇಡ. ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ ಅಲ್ವಾ, ಅದೂ ಸಾಯುತ್ತದೆ. ಒಂದು ತಿಂಗಳು ಬಿಡಿ.

ನೀರು

ಸಾಲಿಗೆ ಒಂದೇ ಕಾಲುವೆ ಬಿಟ್ಟು ಹಾಯಿಸುವುದನ್ನು ಇವತ್ತೇ ನಿಲ್ಲಿಸಿ. ರೋಗದ ಮರದ ನೀರೇ ಪಕ್ಕದ ಬುಡಕ್ಕೆ ಹರಿಯುತ್ತದೆ. ಒಂದೊಂದು ಮರಕ್ಕೂ ಬೇರೆ ಪಾತಿ ಇರಲಿ. ರೋಗದ ಮರದ ಸುತ್ತ ಎರಡು ಅಡಿ ಅಗಲ, ಮೂರು ಅಡಿ ಆಳದ ಟ್ರೆಂಚು ತೆಗೆಸಿ. ಬೇಸಿಗೆಯಲ್ಲಿ ಪಾತಿಗೆ ಗರಿ, ಸಿಪ್ಪೆ ಮುಚ್ಚಿ, ರೋಗದ ಮರದ್ದು ಮಾತ್ರ ಬೇಡ.

ಬೇರಿಗೆ ಔಷಧಿ ಮೂರು ತಿಂಗಳಿಗೊಮ್ಮೆ ಕೊಡಬೇಕು, ಪ್ರತಿ ಸಲವೂ ಹೊಸ ಬೇರಿಗೆ. ಕೊಟ್ಟ ತಾರೀಕನ್ನು ನಾನು ಕಾಂಡದ ಮೇಲೇ ಸುಣ್ಣದಲ್ಲಿ ಬರೆಯುತ್ತೇನೆ. ಡೈರಿ ಕಳೆಯುತ್ತದೆ, ಮರ ಅಲ್ಲೇ ಇರುತ್ತದೆ.