ಅವಲಕ್ಕಿ ಡಬ್ಬಿಯಲ್ಲಿ ಎಂಟಕ್ಕೆ ಎಂಟು

ನನ್ನ ಹಳೇ ಡಬ್ಬಿ ಕ್ಯಾಮೆರಾದಲ್ಲಿ ಒಂದು ರೋಲಿಗೆ ಎಂಟೇ ಫೋಟೋ. ಎಂಟಕ್ಕೆ ಎಂಟೂ ಚೆನ್ನಾಗಿ ಬಂದವು, ಆರನೇ ರೋಲ್‌ನಲ್ಲಿ. ಅದಕ್ಕೆ ಮುಂಚಿನ ಐದು ರೋಲ್ ಸೇರಿಸಿದರೂ ಗೋಡೆಗೆ ಹಾಕುವಂಥದ್ದು ಮೂರೋ ನಾಲ್ಕೋ ಇದ್ದವಷ್ಟೆ. ಅದಕ್ಕೇ ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ.

ಕ್ಯಾಮೆರಾ ಇಂಗ್ಲೆಂಡಿನಲ್ಲಿ ತಯಾರಾದ ಕೊಡಾಕ್ ಸಿಕ್ಸ್-20 ಬ್ರೌನಿ. ಬೆಂಗಳೂರಿನ ಚಿಕ್ಕಪೇಟೆ ಕಡೆಯ ಭಾನುವಾರದ ಸಂತೆಯಲ್ಲಿ 1,800 ಹೇಳಿದರು, ಚೌಕಾಸಿ ಮಾಡಿ 1,200ಕ್ಕೆ ತಂದೆ. ಇಲ್ಲಿ ಮೈಸೂರಿನಲ್ಲಿ ನಮ್ಮ ಬೀದಿಯ ಸ್ಟುಡಿಯೋ ಅಣ್ಣ ಅದನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, "ಇದ್ರಲ್ಲಿ ಅವಲಕ್ಕಿ ತುಂಬಿಡಪ್ಪ, ಇರುವೆ ಬರಲ್ಲ" ಅಂದರು. ಮೂವತ್ತು ವರ್ಷ ಮದುವೆ ಫೋಟೋ ತೆಗೆದವರು, ಅವರಿಗೆ ಎದುರು ಮಾತಾಡೋದು ಹೇಗೆ? ಸುಮ್ಮನಾದೆ.

ಇದಕ್ಕೆ ಬೇಕಾದದ್ದು 620 ಸ್ಪೂಲ್, ಅಂದರೆ ಫಿಲ್ಮ್ ಸುತ್ತುವ ಉರುಳೆ, ಅದರದ್ದೇ ತಾಪತ್ರಯ. ಫಿಲ್ಮ್ ಈಗಲೂ ಸಿಗುವ 120ರದ್ದೇ, ಸ್ಪೂಲ್ ಮಾತ್ರ ಸಣಕಲು, ಕೊಡಾಕ್ 1995ರಲ್ಲೇ ಅದನ್ನು ನಿಲ್ಲಿಸಿತು. ನಾನು ಮೊದಲು ಹಿಡಿದದ್ದು ಸೋಮಾರಿ ದಾರಿ: 120 ಸ್ಪೂಲಿನ ಅಂಚನ್ನೇ ನೈಲ್ ಕಟರ್‌ನಲ್ಲಿ ಸುತ್ತಲೂ ಕಡಿದು ತುರುಕಿದೆ. ಒಳಗೆ ಕೂತಿತು. ಮೂರು ಫ್ರೇಮ್ ತಿರುಗಿತು ಕೂಡ. ನಾಲ್ಕನೆಯದಕ್ಕೆ ಫಿಲ್ಮ್ ತಿರುಗಿಸುವ ಕೀಲಿ ಬಿಗಿಯಾಯಿತು, ಇನ್ನೊಂದಿಷ್ಟು ಜೋರು ಹಾಕಿದೆ, ಒಳಗಿಂದ ಪರ್ ಅಂತ ಸದ್ದು. ಫಿಲ್ಮಿನ ಬೆನ್ನಿಗಿರುವ ಕಾಗದ ಹರಿದಿತ್ತು.

ಎರಡನೇ ರೋಲ್ ಸರಿಯಾಗಿ 620ಕ್ಕೆ ಸುತ್ತಿದೆ. ಆದರೆ ಏಪ್ರಿಲ್ ತಿಂಗಳು, ಕತ್ತಲೆ ಚೀಲದೊಳಗೆ ಎರಡು ಕೈ, ಬೆವರು ಕಿತ್ತುಕೊಂಡು ಬಂತು. ಫಿಲ್ಮ್ ಮೇಲೆ ನನ್ನ ಹೆಬ್ಬೆರಳಿನ ಗುರುತು ಎಷ್ಟು ಚೆನ್ನಾಗಿ ಬಂದಿದೆ ಅಂದರೆ ಆಧಾರ್‌ಗೆ ಕೊಡಬಹುದು. ಈಗ ರಾತ್ರಿ ಹನ್ನೊಂದರ ಮೇಲೆ ಬಚ್ಚಲುಮನೆಯಲ್ಲೇ ಸುತ್ತುತ್ತೇನೆ, ಬಾಗಿಲ ಸಂದಿಗೆ ಹಳೇ ಪಂಚೆ. 120ರಿಂದ ಒಂದು 620ಕ್ಕೆ, ಅದರಿಂದ ಇನ್ನೊಂದು 620ಕ್ಕೆ. ಎರಡನೇ ಸುತ್ತಿನಲ್ಲಿ ಟೇಪ್ ಅಂಟಿಸಿದ ತುದಿ ಬಂದಾಗ ಫಿಲ್ಮ್ ಉಬ್ಬಿ ನಿಲ್ಲುತ್ತದಲ್ಲ, ಅದನ್ನು ಹೇಗೆ ಮಲಗಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಮೂರು ರೋಲ್ ಕಳೆದುಕೊಂಡು ಕಲಿತದ್ದು. ಈಗ ಕತ್ತಲಲ್ಲಿ ಎರಡೂವರೆ ನಿಮಿಷದಲ್ಲಿ ಮುಗಿಸುತ್ತೇನೆ, ಬೇಕಾದರೆ ಯಾರಾದರೂ ಪಂಥಕ್ಕೆ ಬನ್ನಿ.

ಆಮೇಲೆ ಕೆಂಪು ಕಿಟಕಿ, ಎಷ್ಟನೇ ಫ್ರೇಮ್ ಅಂತ ನೋಡಲು ಕ್ಯಾಮೆರಾದ ಬೆನ್ನಲ್ಲಿರುವುದು. ಆ ಕಾಲದ ಆರ್ಥೊ ಫಿಲ್ಮ್‌ಗೆ ಕೆಂಪು ಕಾಣುತ್ತಿರಲಿಲ್ಲ, ಈಗಿನ ಪ್ಯಾನ್ ಫಿಲ್ಮ್‌ಗೆ ಚೆನ್ನಾಗೇ ಕಾಣುತ್ತದೆ. ಮೂರನೇ ರೋಲ್‌ನ ಎಲ್ಲಾ ಫ್ರೇಮಿನಲ್ಲೂ ನಾಣ್ಯದಂಥ ಒಂದು ಬಿಳಿ ಮಚ್ಚೆ. ಡೆವಲಪ್ ಮಾಡಿದ ಲ್ಯಾಬಿನವರು ಕ್ಯಾಮೆರಾನೇ ತೂತು ಅಂದರು, ಉದ್ದಕ್ಕೂ ಅವರೇ ಎಳೆದಿದ್ದ ಗೀರಿನ ಬಗ್ಗೆ ಮಾತ್ರ ಉಸಿರಿಲ್ಲ. ದುಡ್ಡು ಐನೂರು ಹೋಯಿತು. ಅಲ್ಲಿಂದ ಡೆವಲಪಿಂಗ್ ಮನೆಯಲ್ಲೇ, ಡಿ-76 ಅನ್ನೋ ಡೆವಲಪರ್‌ನಲ್ಲಿ. ಆ ಕೆಂಪು ಕಿಟಕಿಗೆ ಕಪ್ಪು ಟೇಪು, ರೋಲ್ ತಿರುಗಿಸುವಾಗ ಮಾತ್ರ ನೆರಳಿನಲ್ಲಿ ತೆಗೆಯುವುದು.

ಷಟರ್ ಎಷ್ಟು ಅಂತ ಮೊಬೈಲಿನ ಸೆಕೆಂಡಿಗೆ 240 ಫ್ರೇಮಿನ ವಿಡಿಯೋದಲ್ಲಿ ನೋಡಿದೆ. ಆರೇಳು ಫ್ರೇಮ್ ತೆರೆದಿತ್ತು, ಅಂದರೆ 1/40 ಸೆಕೆಂಡು ಅಂತ ಇಟ್ಟುಕೊಳ್ಳಿ. ಲೆನ್ಸಿನ ಬೆಳಕು ಬೀಳುವ ತೂತು ಏಳು ಮಿಲಿಮೀಟರ್ ಬಂತು, ಫೋಟೋದವರ ಲೆಕ್ಕದಲ್ಲಿ ಎಫ್/14ರ ಆಸುಪಾಸು. ನಡು ಮಧ್ಯಾಹ್ನ ಫೋಮಾ 100 ಫಿಲ್ಮ್ ಹಾಕಿದರೆ ಒಂದೂವರೆ, ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಎರಡರಷ್ಟು) ಜಾಸ್ತಿ ಬೆಳಕು ಬೀಳುತ್ತೆ, ನೆಗೆಟಿವ್ ತಡೆದುಕೊಳ್ಳುತ್ತೆ. ಕಡಿಮೆ ಬೆಳಕಿಗೂ ಸಾಲುವ ಎಚ್‌ಪಿ5 ಫಿಲ್ಮ್ ಮೋಡಕ್ಕೆ. "ಈ ಗಾಜಿನಲ್ಲಿ ಶಾರ್ಪ್ ಬರಲ್ಲ" ಅನ್ನುವವರೆಲ್ಲ ಕೈ ನಡುಗಿಸಿಕೊಂಡು ಗಾಜನ್ನು ಬೈಯುವವರು. ನನ್ನದಕ್ಕೆ ಟ್ರೈಪಾಡ್ ತಿರುಪಿಲ್ಲ. ಅರ್ಧ ಕೆ.ಜಿ. ಅಕ್ಕಿ ತುಂಬಿದ ಬಟ್ಟೆ ಚೀಲ, ಅದರ ಮೇಲೆ ಡಬ್ಬಿ ಒತ್ತಿ ಕೂರಿಸಿ, ಉಸಿರು ಬಿಟ್ಟು ಒತ್ತುವುದು. ನಾಲ್ಕನೇ ರೋಲಿಗೂ ಆರನೇ ರೋಲಿಗೂ ಇದ್ದ ವ್ಯತ್ಯಾಸ ಬಹುಪಾಲು ಈ ಅಕ್ಕಿಯದ್ದೇ.

ಹತ್ತಿರದ ಮುಖಕ್ಕೆ ಚಾಳೀಸು ಕನ್ನಡಕದ ಪ್ಲಸ್ 1 ಗಾಜು ಲೆನ್ಸಿನ ಮುಂದೆ ಅಂಟಿಸಿ ನೋಡಿ. ನನ್ನ ಡಬ್ಬಿಯಲ್ಲಿ ಮುಕ್ಕಾಲು ಮೀಟರ್ ಚಿಲ್ಲರೆಗೆ ಫೋಕಸ್ ಬಂತು, ಗಾಜಿನ ಖರ್ಚು 80 ರೂಪಾಯಿ. ಒಳಗಿನ ಗಾಜನ್ನೇ ತಿರುವಿ ಹಾಕಿಯೂ ನೋಡಿದೆ: ನಡುವೆ ಚೂಪು, ಅಂಚೆಲ್ಲ ಕಲಕಿದ ನೀರು. ಎರಡು ಫೋಟೋಗೆ ಚೆಂದ, ಮೂರನೆಯದಕ್ಕೆ ಬೇಜಾರು. ಕಾಫಿಯಲ್ಲಿ ಡೆವಲಪ್ ಮಾಡುವ ಹುಚ್ಚೂ ಹಿಡಿದಿತ್ತು. ಎಲ್ಲರೂ ಇನ್‌ಸ್ಟಂಟ್ ಕಾಫಿ ಹಾಕುತ್ತಾರೆ, ನಾನು ಚಿಕ್ಕಮಗಳೂರು ಪುಡಿಯ ಗಟ್ಟಿ ಡಿಕಾಕ್ಷನ್‌ಗೇ ವಾಷಿಂಗ್ ಸೋಡಾ, ವಿಟಮಿನ್ ಸಿ ಬೆರೆಸಿದೆ. ಚಿತ್ರ ಬಂತು, ತೆಳ್ಳಗೆ, ಬೂದು ಬೂದಾಗಿ. ವಾಸನೆ ಮಾತ್ರ ಎರಡು ದಿನ ಮನೆ ಬಿಡಲಿಲ್ಲ. "ಇನ್ನೊಂದ್ಸಲ ಫಿಲ್ಟರ್ ಮುಟ್ಟಿದ್ರೆ ನೋಡ್ರಿ" ಅಂದಳು ಮನೆಯವಳು. ಅದು ಐದನೇ ರೋಲ್.

ಖರ್ಚಿನ ಲೆಕ್ಕ ನೆನಪಿದ್ದಷ್ಟು: ಫೋಮಾ ರೋಲ್ 700ರ ಹತ್ತಿರ, ಎಚ್‌ಪಿ5 ಸಾವಿರಕ್ಕೆ ಸ್ವಲ್ಪ ಕಡಿಮೆ, ಎರಡು ಹೆಚ್ಚುವರಿ ಸ್ಪೂಲ್ ಪೋಸ್ಟ್ ಸೇರಿ 1,400. ಡಬ್ಬಿ, ಲ್ಯಾಬು, ಕೆಮಿಕಲ್ಲು ಎಲ್ಲ ಹಿಡಿದರೆ ಒಂಬತ್ತು ಸಾವಿರ ದಾಟಿದೆ. ಮನೆಯಲ್ಲಿ ಹೇಳಿರುವುದು ಐದು.

ಆರನೇ ರೋಲನ್ನು ಚಾಮುಂಡಿ ಬೆಟ್ಟದ ನಂದಿಯ ಹತ್ತಿರ ಮುಗಿಸಿದೆ, ಬೆಳಿಗ್ಗೆ ಎಂಟಕ್ಕೆ, ಓರೆ ಬಿಸಿಲಲ್ಲಿ. ನಾಲ್ಕನೇ ರೋಲಲ್ಲಿ ಇದೇ ನಂದಿಯ ಬೆನ್ನ ಮೇಲೆ ನಮ್ಮತ್ತೆ ಕೂತಿದ್ದರು, ಫಿಲ್ಮ್ ತಿರುಗಿಸಲು ಮರೆತು ಅದೇ ಫ್ರೇಮಿಗೆ ಮತ್ತೆ ಒತ್ತಿದ್ದೆ. ಈ ಸಲ ಒತ್ತಿದ ಕೂಡಲೇ ತಿರುಗಿಸಿದೆ. 12x18 ಪ್ರಿಂಟ್ ಹಾಕಿಸಿ ಸ್ಟುಡಿಯೋ ಅಣ್ಣನ ಮೇಜಿನ ಮೇಲಿಟ್ಟೆ. ಕನ್ನಡಕ ಹಣೆಗೇರಿಸಿ, ನಂದಿಯ ಕೊರಳಿನ ಗಂಟೆ ಸರವನ್ನು ಬೆರಳಲ್ಲಿ ಒಂದೊಂದೇ ಎಣಿಸುತ್ತಾ ಹೋದರು. ಅವಲಕ್ಕಿ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಏಳನೇ ರೋಲ್ ಈಗ ಒಳಗಿದೆ, ಮೂರು ಫ್ರೇಮ್ ಆಗಿದೆ. ಹಿಂಬಾಗಿಲ ಕೊಕ್ಕೆ ಯಾಕೋ ಸಡಿಲವಾಗಿದೆ, ಸದ್ಯಕ್ಕೆ ಎರಡು ರಬ್ಬರ್ ಬ್ಯಾಂಡ್ ಹಾಕಿದ್ದೇನೆ.