ಐವತ್ತರ ನಂತರ ಪೇಟಿ (ಹಾರ್ಮೋನಿಯಂ) ಕಲಿಯುವವರಿಗೆ: ನಿನ್ನೆ ನುಡಿಸಿದ್ದು ಇವತ್ತೂ ಬರಬೇಕಂದ್ರೆ

ರಾತ್ರಿ ಭೂಪ್ ರಾಗದ ಸರಗಮ್ (ಸ್ವರಗಳ ಸಾಲು) ಹತ್ತು ಸಲ ತಪ್ಪಿಲ್ಲದೆ ಬಂದಿರುತ್ತದೆ. ಬೆಳಗ್ಗೆ ಪೇಟಿ ಮುಂದೆ ಕೂತರೆ ಎರಡನೇ ಸಾಲಿಗೇ ಬೆರಳು ನಿಂತುಬಿಡುತ್ತದೆ. ತಡವಾಗಿ ಕಲಿಯೋಕೆ ಶುರು ಮಾಡಿದವರೆಲ್ಲ ಇದನ್ನು ಅನುಭವಿಸಿದವರೇ, ಅಲ್ವಾ? ಕೊಪ್ಪಳದ ನಮ್ಮ ಓಣಿಯ ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವರು ಊರು ಬಿಟ್ಟ ಮೇಲೆ, ಐವತ್ತೆರಡನೇ ವಯಸ್ಸಿಗೆ ನಾನು ಪೇಟಿ ಹಿಡಿದೆ. ಆರು ತಿಂಗಳು ದಿನಾ ಒಂದು ತಾಸು ಕೂತರೂ ಉಳಿದದ್ದು ಬಹಳ ಕಡಿಮೆ. ಆಮೇಲೆ ಕಲಿಸುವ ಹುಡುಗ ಒಂದು ದಿನ, "ಪುಸ್ತಕ ಮುಚ್ರಿ ಕಾಕಾ, ನೆನಪಿದ್ದಷ್ಟ ಬಾರಸ್ರಿ" ಅಂದ. ಅಲ್ಲಿಂದ ಎಲ್ಲ ಬದಲಾಯಿತು.

ಪುಸ್ತಕ ತೆರೆದಿಟ್ಟು ಒಂದೇ ಸಾಲನ್ನು ಮೂವತ್ತು ಸಲ ನುಡಿಸಿದರೆ ಹತ್ತನೇ ಸಲಕ್ಕೆ ಸಲೀಸಾಗುತ್ತದೆ. ಆದರೆ ಅಷ್ಟು ಹೊತ್ತೂ ನೆನಪಿಗೆ ಕೆಲಸವೇ ಕೊಟ್ಟಿರುವುದಿಲ್ಲ. ಕಣ್ಣು ಓದುತ್ತದೆ, ಬೆರಳು ಒತ್ತುತ್ತದೆ, ಅಷ್ಟೇ.

ಹಾಗಾಗಿ ಬೆಳಗ್ಗೆ ಕೂತ ತಕ್ಷಣ ಪುಸ್ತಕ ಬೇಡ, ಪೇಟಿಯ ಮುಚ್ಚಳವನ್ನೂ ತೆಗೆಯಬೇಡಿ. ನಿನ್ನೆಯ ಸಾಲನ್ನು ಬಾಯಲ್ಲಿ ಹೇಳುತ್ತಾ ತೊಡೆ ಮೇಲೆ ಬೆರಳಾಡಿಸಿ. ಎಲ್ಲಿ ನಿಂತಿತೋ ಅಲ್ಲೇ ಸ್ವಲ್ಪ ಹೊತ್ತು ತಡಕಾಡಿ, ಬೇಗ ಸೋಲೊಪ್ಪಬೇಡಿ. ಬಾರದೇ ಇದ್ದರೆ ಪುಸ್ತಕದಲ್ಲಿ ಆ ಒಂದೇ ಜಾಗ ನೋಡಿ ಮತ್ತೆ ಮುಚ್ಚಿ. ಈ ತಡಕಾಟ ಕಿರಿಕಿರಿ ಅನಿಸುತ್ತದೆ, ಆದರೆ ಸ್ವರ ತಲೆಯಲ್ಲಿ ಕೂರುವುದು ಅದರಿಂದಲೇ. ನಮ್ಮ ಪಕ್ಕದ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನೇ ನೋಡಿ. ಅಲ್ಲಿನ ಪುಟ್ಟರಾಜ ಗವಾಯಿಗಳಿಗೆ (1914–2010) ಕಣ್ಣು ಕಾಣುತ್ತಿರಲಿಲ್ಲ, ಆದರೂ ಹಾಡುವುದರ ಜೊತೆಗೆ ಹಾರ್ಮೋನಿಯಂ, ಸಾರಂಗಿ, ಪಿಟೀಲು, ತಬಲಾ ಎಲ್ಲ ನುಡಿಸುತ್ತಿದ್ದರು. ಕಿವಿಯಿಂದ ಕೇಳಿ, ಬಾಯಿಂದ ಹೇಳಿ ಕಲಿಯುವ ದಾರಿಗೆ ಅಷ್ಟು ಬಲ ಇದೆ.

ಮರೆಯುವುದಕ್ಕೆ ಹೆದರಬೇಡಿ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗಳ ಪಟ್ಟಿಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಮರೆಯುತ್ತದೆ ಅಂತ ಅಳೆದು 1885ರಲ್ಲಿ ಪ್ರಕಟಿಸಿದರು. ಬಹಳಷ್ಟು ಮೊದಲ ದಿನವೇ ಹೋಗುತ್ತದೆ, ಆಮೇಲೆ ಮರೆವು ನಿಧಾನವಾಗುತ್ತದೆ, ಮರೆತದ್ದನ್ನು ಮತ್ತೆ ಕಲಿಯೋಕೆ ಮೊದಲಿಗಿಂತ ಕಡಿಮೆ ಹೊತ್ತು ಸಾಕು ಅಂತ ಅವರು ಕಂಡರು. ಈ ಪ್ರಯೋಗ ಮಾಡುವಾಗ ಅವರಿಗೆ ವಯಸ್ಸು ಮೂವತ್ತರ ಆಸುಪಾಸು. ಅಂದರೆ ಬೆಳಗಾಗುವಷ್ಟರಲ್ಲಿ ಮರೆಯುವುದು ಬರೀ ನಮ್ಮ ವಯಸ್ಸಿನ ಕಾಯಿಲೆ ಅಲ್ಲ. ಹೊಸ ಸಾಲು ಕಲಿತ ದಿನ ಅದರ ಪಕ್ಕ ತಾರೀಖು ಬರೆಯಿರಿ. ಮರುದಿನ ಒಮ್ಮೆ, ಮೂರನೇ ದಿನ ಒಮ್ಮೆ, ವಾರ ಕಳೆದ ಮೇಲೆ ಒಮ್ಮೆ, ಹದಿನೈದು ದಿನ ಕಳೆದ ಮೇಲೆ ಒಮ್ಮೆ ಪುಸ್ತಕ ನೋಡದೆ ನುಡಿಸಿ. ಒಂದು ತಾಸು ಒಟ್ಟಿಗೆ ಕೂರುವುದಕ್ಕಿಂತ ಬೆಳಗ್ಗೆ ಇಪ್ಪತ್ತು ನಿಮಿಷ, ಮಲಗುವ ಮುಂಚೆ ಹತ್ತು ನಿಮಿಷ ಮೇಲು. ನಮ್ಮ ಕಡೆ ಬೇಸಿಗೆಯಲ್ಲಂತೂ ಬಿಸಿಲೇರುವ ಮುಂಚೆ ಮುಗಿಸಿದರೇ ಚೆಂದ.

ಬೆರಳಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಹೆಚ್ಚಿನವರು ಎಡವುವುದು ಅಲ್ಲೇ. ಬಿಳಿ ಒಂದನ್ನು (ಜೋಡಿ ಕಪ್ಪು ಮನೆಗಳ ಎಡಕ್ಕೇ ಇರುವ ಬಿಳಿ ಮನೆ) ಸ ಮಾಡಿಕೊಂಡರೆ ಭೂಪ್ ಪೂರ್ತಿ ಬಿಳಿ ಮನೆಗಳಲ್ಲೇ ಬರುತ್ತದೆ, ಮ ಮತ್ತು ನಿ ಇಲ್ಲ. ಸ ಹೆಬ್ಬೆರಳು, ರಿ ತೋರುಬೆರಳು, ಗ ನಡುಬೆರಳು. ಈಗ ನಡುಬೆರಳು ಗ ಮೇಲೆ ಇರುವಾಗಲೇ ಹೆಬ್ಬೆರಳು ಅದರ ಕೆಳಗಿಂದ ನುಸುಳಿ ಪ ಹಿಡಿಯಬೇಕು, ಆಮೇಲೆ ಧ ತೋರುಬೆರಳು, ಮೇಲಿನ ಸ ನಡುಬೆರಳು. ಇಳಿಯುವಾಗ ಹೆಬ್ಬೆರಳು ಪ ಮೇಲೆ ಇರುವಾಗ ನಡುಬೆರಳು ಅದನ್ನು ದಾಟಿ ಗ ಮೇಲೆ ಬರಬೇಕು. ಇವತ್ತು ಒಂದು ಬೆರಳು, ನಾಳೆ ಇನ್ನೊಂದು ಹಾಕಿದರೆ ಕೈ ಎರಡನ್ನೂ ಕಲಿತು ಗೊಂದಲಕ್ಕೆ ಬೀಳುತ್ತದೆ. ಬೆರಳು ಗಟ್ಟಿ ಮಾಡಿಕೊಳ್ಳಿ, ಪುಸ್ತಕದಲ್ಲಿ ಸ್ವರದ ಕೆಳಗೆ ಬೆರಳಿನ ಅಂಕಿ ಬರೆಯಿರಿ, ತಪ್ಪಾಗದಷ್ಟು ನಿಧಾನವಾಗಿ ನುಡಿಸಿ. ಅವಸರದಲ್ಲಿ ಮಾಡಿದ ತಪ್ಪೂ ಕೈಗೆ ಪಾಠವಾಗಿಬಿಡುತ್ತದೆ.

ಯಾವಾಗಲೂ ಮೊದಲ ಸಾಲಿನಿಂದಲೇ ಶುರು ಮಾಡಬೇಡಿ. ಮೊದಲ ಸಾಲು ಸಾವಿರ ಸಲ ಆಗಿರುತ್ತದೆ, ಕೊನೆಯದು ಹತ್ತು ಸಲವೂ ಆಗಿರುವುದಿಲ್ಲ. ಕೊನೆಯ ಸಾಲಿನಿಂದ ಹಿಂದಕ್ಕೆ ಬನ್ನಿ, ನಡುವಿನಿಂದ ಎತ್ತಿಕೊಳ್ಳಿ, ಎರಡು ಭಜನೆಗಳನ್ನು ಬದಲಿಸುತ್ತಾ ನುಡಿಸಿ. ತೀನ್‌ತಾಲದ ಹದಿನಾರು ಮಾತ್ರೆ (ತಾಳದ ಎಣಿಕೆ) ಕೈಯಲ್ಲಿ ಹಾಕುತ್ತಾ ಸಾಲು ಹೇಳಿ, ಒಂಬತ್ತನೇ ಮಾತ್ರೆಗೆ ಖಾಲಿ, ಅಂದರೆ ತಟ್ಟದೆ ಕೈ ಬೀಸುವುದು. ಯಾವ ಸ್ವರ ಯಾವ ಮಾತ್ರೆಗೆ ಬೀಳುತ್ತದೆ ಅಂತ ಗೊತ್ತಿದ್ದರೆ ಕಳೆದುಹೋದ ಜಾಗ ಬೇಗ ಸಿಗುತ್ತದೆ.

ಭಜನೆಯಲ್ಲಿ ಎಲ್ಲರ ಮುಂದೆ ಮರೆತರೆ ಗಾಳಿ ಹಾಕುವುದನ್ನು ನಿಲ್ಲಿಸಬೇಡಿ. ಸ ಒಂದನ್ನೇ ಒತ್ತಿ ಹಿಡಿದು, ಹಾಡುವವರ ಬಾಯಿ ನೋಡುತ್ತಾ, ಪಲ್ಲವಿ ಬಂದಾಗ ಸೇರಿಕೊಳ್ಳಿ. ಮನೆಗೆ ಬಂದ ಮೇಲೆ ತಪ್ಪಿದ ಜಾಗಕ್ಕೆ ಪೆನ್ಸಿಲ್‌ನಲ್ಲಿ ಗೆರೆ ಹಾಕಿ, ಮರುದಿನ ಬೆಳಗ್ಗೆ ಅಲ್ಲಿಂದಲೇ ಶುರು ಮಾಡಿ.